ಅಂಗಳದ ಜೆಂಬೆ, ರಂಗದ ಜೆಂಬೆ

ಕಳೆದ ವರ್ಷ ಓಣಂ ರಜೆಗೆ ಊರಿಗೆ ಬಂದ ಮಗಳ ಬೆನ್ನ ಮೇಲೆ ಒಂದು ದೊಡ್ಡ ಚೀಲವಿತ್ತು. ಬಟ್ಟೆಬರೆ ಇರಬೇಕೆಂದು ಭಾವಿಸಿದೆ. ಜಗಲಿಯಲ್ಲಿ ಕುಳಿತು ಚೀಲ ಬಿಚ್ಚಿದಾಗ ಹೊರಬಂದದ್ದು ಮರದ ಒಂದು ವಾದ್ಯ. ಮೇಲೆ ಬಟ್ಟಲಿನಂತೆ ಅಗಲ, ಕೆಳಗೆ ಕೊಳವೆಯಂತೆ ಸಪೂರ, ಬಾಯಿಗೆ ಬಿಗಿದ ತೊಗಲು, ಸುತ್ತ ಹಗ್ಗದ ಹೆಣಿಗೆ.

"ಇದೇನು, ಭತ್ತ ಕುಟ್ಟುವ ಒರಳಾ?" ಎಂದು ತಮಾಷೆ ಮಾಡಿದೆ.

"ಜೆಂಬೆ, ಅಪ್ಪ. ಕಾಲೇಜಿನ ತಂಡದಲ್ಲಿ ನಾನೇ ಬಾರಿಸುವುದು" ಎಂದಳು.

ಆ ಹೊತ್ತಿಗೆ ಬಂದಿದ್ದ ನೆರೆಮನೆಯ ಹಿರಿಯರು ಯಕ್ಷಗಾನದ ಹುಚ್ಚಿನವರು. ಅವರು ವಾದ್ಯವನ್ನು ಒಮ್ಮೆ ನೋಡಿ, "ಪಾರ್ತಿಸುಬ್ಬನ ಸೀಮೆಯ ಮಕ್ಕಳಿಗೆ ಚೆಂಡೆ ಮದ್ದಳೆ ಸಾಲದಾಯಿತಲ್ಲ ಮಾರಾಯರೇ, ಆಫ್ರಿಕದ ಡೋಲು ಬೇಕಾಯಿತು" ಎಂದರು. ಮಗಳ ಮುಖ ಸಣ್ಣದಾಯಿತು. ನನಗೂ ಉತ್ತರ ಹೊಳೆಯಲಿಲ್ಲ. ಬ್ಯಾಂಕಿನ ಗುಮಾಸ್ತಿಕೆಯ ನಡುವೆ ಬಿಡುವು ಸಿಕ್ಕಾಗ ಓದುವ ಚಟವುಳ್ಳ ನಾನು ಆ ಉತ್ತರವನ್ನು ಹುಡುಕುತ್ತಾ ಹೋದೆ. ಸಿಕ್ಕಿದ್ದು ಒಂದು ವಾದ್ಯದ ಚರಿತ್ರೆ. ಗಡಿಯಲ್ಲಿ ಬಾಳುವ ನಮ್ಮಂತಹವರು ತಿಳಿಯಬೇಕಾದ ಚರಿತ್ರೆಯೆಂದು ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಮ್ಮಾರನ ಕೈಯ ಕೆಲಸ

ಜೆಂಬೆ ಪಶ್ಚಿಮ ಆಫ್ರಿಕದ ಮಾಂದೆ ಜನರ ವಾದ್ಯ. ಮಾಲಿಂಕೆ, ಬಂಬಾರ, ಸುಸು ಮುಂತಾದ ಭಾಷಿಕರೆಲ್ಲ ಈ ದೊಡ್ಡ ಬಳಗಕ್ಕೆ ಸೇರಿದವರು. ಇಂದಿನ ಗಿನಿ ಮತ್ತು ಮಾಲಿ ದೇಶಗಳ ನಡುವೆ, ನೈಜರ್ ನದಿಯ ಮೇಲ್ದಂಡೆಯ ಪ್ರದೇಶ ಇದರ ತವರು. 13ನೆಯ ಶತಮಾನದಲ್ಲಿ ಸುಂಜಾಟ ಕೇಯಿಟಾ ಎಂಬ ಅರಸ ಕಟ್ಟಿದ ಮಾಲಿ ಸಾಮ್ರಾಜ್ಯದ ಹೃದಯಭಾಗವೂ ಇದೇ.

ಆ ಸಮಾಜದಲ್ಲಿ ಕಸುಬಿಗೊಂದು ಕುಲವಿದೆ. 'ನೂಮು' ಎಂಬವರು ಕಮ್ಮಾರರು. ಕಬ್ಬಿಣದ ಕೆಲಸದೊಂದಿಗೆ ಮರ ಕೆತ್ತುವ ಕೆಲಸವೂ ಅವರದ್ದೇ. ಒಂದೇ ದಿಮ್ಮಿಯನ್ನು ಕಡಿದು, ಒಳಗಿನ ತಿರುಳು ತೆಗೆದು, ಬಾಚಿಯಿಂದ ಕೆತ್ತಿ ಜೆಂಬೆ ಮಾಡುತ್ತಾರೆ. ಎತ್ತರ ಸುಮಾರು 60 ಸೆಂಟಿಮೀಟರ್, ಬಾಯಿಯ ಅಗಲ 30ಕ್ಕಿಂತ ಸ್ವಲ್ಪ ಹೆಚ್ಚು. ಲೆಂಕೆ, ಜಾಲಾ ಮೊದಲಾದ ಗಟ್ಟಿ ಜಾತಿಯ ಮರವೇ ಆಗಬೇಕು. ಬಾಯಿಗೆ ಆಡಿನ ತೊಗಲು. ಹಿಂದೆ ಅದನ್ನು ತೊಗಲಿನ ಪಟ್ಟಿಗಳಿಂದ ಬಿಗಿಯುತ್ತಿದ್ದರು. ಬಿಗಿ ಸಾಲದಿದ್ದರೆ ಬೆಂಕಿಯ ಮುಂದೆ ಹಿಡಿದು ಕಾಯಿಸುತ್ತಿದ್ದರು. ಈಗ ಕಾಣುವ ಕಬ್ಬಿಣದ ಬಳೆಗಳೂ ನೈಲಾನ್ ಹಗ್ಗವೂ 20ನೆಯ ಶತಮಾನದಲ್ಲಿ ಬಂದವು.

ನಾನು ತಮಾಷೆಗೆ ಕೇಳಿದ ಒರಳಿನ ಮಾತು ಅಲ್ಲಿನ ಜನರ ಕತೆಯಲ್ಲೇ ಇದೆಯೆಂದು ತಿಳಿದಾಗ ನನಗೇ ನಗು ಬಂತು. ಧಾನ್ಯ ಕುಟ್ಟುವ ಒರಳೊಂದರ ತಳ ಒಡೆದುಹೋಯಿತು, ಅದರ ಬಾಯಿಗೆ ಆಡಿನ ತೊಗಲು ಹೊದಿಸಿದಾಗ ಜೆಂಬೆ ಹುಟ್ಟಿತು ಎಂದು ಅಲ್ಲಿ ಹೇಳುವುದುಂಟು. ಕತೆ ನಿಜವೋ ಅಲ್ಲವೋ, ಅಡುಗೆಮನೆಯ ಸಾಮಾನಿನಿಂದ ವಾದ್ಯ ಹುಟ್ಟಿತೆನ್ನುವ ಜನರಿಗೆ ಅದು ಎಷ್ಟು ಹತ್ತಿರದ್ದಾಗಿತ್ತೆಂದು ತಿಳಿಯುತ್ತದೆ.

ಇನ್ನೊಂದು ಸಂಗತಿಯಿದೆ. ಅದೇ ಸಮಾಜದಲ್ಲಿ ವಂಶದ ಕತೆ ಹಾಡುವ 'ಜೆಲಿ' ಎಂಬ ಕುಲವಿದೆ. ಕೋರಾ, ಬಲಾಫೋನ್ ಮುಂತಾದ ವಾದ್ಯಗಳು ಅವರ ಮನೆತನದ ಸೊತ್ತು. ಜೆಂಬೆಗೆ ಅಂತಹ ಕಟ್ಟಿಲ್ಲ. ಕೆತ್ತುವವನು ಕಮ್ಮಾರನಾದರೂ ಬಾರಿಸುವವನು ಯಾವ ಮನೆಯವನೂ ಆಗಬಹುದಿತ್ತು; ಕೈ ಬರಬೇಕು, ಊರು ಮೆಚ್ಚಬೇಕು, ಅಷ್ಟೇ. ಹೆಂಗಸರಿಗೆ ಮಾತ್ರ ವಾಡಿಕೆಯಲ್ಲಿ ಅದು ಸಲ್ಲುತ್ತಿರಲಿಲ್ಲ. ಈಗ ಆ ಕಟ್ಟು ಸಡಿಲವಾಗುತ್ತಿದೆ. ಇದನ್ನು ಓದಿ ಹೇಳಿದಾಗ ಮಗಳು, "ನಮ್ಮಲ್ಲಿ ಚೆಂಡೆಗೂ ಹಾಗೆಯೇ ಅಲ್ಲವಾ ಅಪ್ಪ? ನನಗೆ ಯಾರಾದರೂ ಕಲಿಸುತ್ತೇನೆ ಅಂದಿದ್ದರಾ?" ಎಂದು ಕೇಳಿದಳು. ಚೆಂಡೆ ಕಲಿತ ಹೆಣ್ಣುಮಕ್ಕಳು ಈಗ ಇಲ್ಲದಿಲ್ಲ. ಆದರೆ ನನ್ನ ಮಗಳಿಗೆ ಕಲಿಸಬೇಕೆಂದು ನನಗೇ ಯಾವತ್ತೂ ತೋಚಿರಲಿಲ್ಲ. ನೆರೆಮನೆಯ ಹಿರಿಯರಿಗೆ ಕೊಡಬೇಕಾದ ಉತ್ತರದ ಅರ್ಧ ಭಾಗ ಅಲ್ಲಿಯೇ ಸಿಕ್ಕಿತು.

ಗೆರೆ ಎಳೆದವರು ಯಾರೋ

19ನೆಯ ಶತಮಾನದ ಕೊನೆಗೆ ಫ್ರೆಂಚರು ಈ ಸೀಮೆಗೆ ಬಂದರು. ವಾಸುಲು ಎಂಬ ಪ್ರದೇಶದಲ್ಲಿ ರಾಜ್ಯ ಕಟ್ಟಿದ ಸಾಮೊರಿ ತೂರೆ ಹಲವು ವರ್ಷ ಅವರನ್ನು ಎದುರಿಸಿ, 1898ರಲ್ಲಿ ಸೆರೆಯಾದ. ಗೆದ್ದವರು ನೆಲವನ್ನು ಆಡಳಿತದ ಅನುಕೂಲಕ್ಕೆ ತುಂಡು ತುಂಡಾಗಿ ಹಂಚಿಕೊಂಡರು. ಇದು ಗಿನಿ, ಇದು ಸುಡಾನ್, ಇದು ಐವರಿ ಕೋಸ್ಟ್ ಎಂದು ನಕಾಶೆಯ ಮೇಲೆ ಗೆರೆ ಬಿತ್ತು. 1958ರಲ್ಲಿ ಗಿನಿಯೂ 1960ರಲ್ಲಿ ಉಳಿದವೂ ಸ್ವತಂತ್ರವಾದಾಗ ಆ ಆಡಳಿತದ ಗೆರೆಗಳೇ ದೇಶಗಳ ಗಡಿಗಳಾದವು. ಫ್ರೆಂಚ್ ಸುಡಾನ್ ಮಾಲಿ ಆಯಿತು. ಒಂದೇ ಮಾತಿನ, ಒಂದೇ ಮನೆತನದ ಹೆಸರಿನ ಜನ ಮೂರು ದೇಶಗಳ ಪ್ರಜೆಗಳಾದರು. ವಾಸುಲು ಇಂದಿಗೂ ಗಿನಿ, ಮಾಲಿ, ಐವರಿ ಕೋಸ್ಟ್ ಕೂಡುವಲ್ಲಿ ಮೂರು ಪಾಲಾಗಿ ನಿಂತಿದೆ.

1956ರ ನವೆಂಬರ್ 1ರ ವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮಗೆ ಇದು ಹೊಸ ಅನುಭವವಲ್ಲ. ನಮ್ಮದು ಒಂದೇ ದೇಶದೊಳಗಿನ ರಾಜ್ಯಗಳ ಗಡಿ, ಅವರದ್ದು ದೇಶಗಳ ಗಡಿ. ಎರಡನ್ನೂ ಸಮ ಮಾಡಿ ಹೇಳುವುದು ತಪ್ಪು. ಆದರೆ ನಿದ್ದೆಯಿಂದೇಳುವಾಗ ಮನೆ ಅಲ್ಲೇ ಇದ್ದು ವಿಳಾಸ ಮಾತ್ರ ಬದಲಾಗಿರುವುದು ಹೇಗಿರುತ್ತದೆಂದು ನಮ್ಮ ಹಿರಿಯರನ್ನು ಕೇಳಿದರೆ ತಿಳಿದೀತು.

ಜೆಂಬೆ ಈ ಗಡಿಗಳನ್ನು ಲೆಕ್ಕಿಸಲಿಲ್ಲ. ಮದುವೆ, ನಾಮಕರಣ, ಸುಗ್ಗಿ ಎಲ್ಲಿದ್ದರೂ ಅದು ಹೋಯಿತು.

ಅಂಗಳದಲ್ಲಿ

ಹಳ್ಳಿಯಲ್ಲಿ ಜೆಂಬೆಯನ್ನು ಸುಮ್ಮನೆ ಬಾರಿಸುವುದಿಲ್ಲ. ಪ್ರತಿ ತಾಳಕ್ಕೂ ಒಂದು ಸಂದರ್ಭವಿದೆ. ಗಿನಿಯ ಹಮನ ಸೀಮೆಯಲ್ಲಿ ಹೊಲದಲ್ಲಿ ಸಾಲುಗಟ್ಟಿ ದುಡಿಯುವವರಿಗೆ ಹುರುಪು ತುಂಬಲು 'ಕಸ್ಸಾ'. ಗಂಡುಮಕ್ಕಳ ದೀಕ್ಷೆಯ ಕಾಲಕ್ಕೆ 'ಸೋಲಿ'. ಬಲಶಾಲಿಗಳ ಕುಣಿತಕ್ಕೆ 'ದುನುನ್‌ಬಾ'. ಸುಸು ಜನರಲ್ಲಿ ಯುವಕ ಯುವತಿಯರು ಎದುರುಬದುರಾಗಿ ಕುಣಿಯುವಾಗ ಮೊದಲು ನಿಧಾನದ 'ಯಂಕಡಿ', ಬಳಿಕ ಚುರುಕಿನ 'ಮಕ್ರು'. 'ಮೊರಿಬಾಯಸ್ಸಾ' ಎಂಬುದು ಹರಕೆಯ ತಾಳ. ದೊಡ್ಡ ಕಷ್ಟದಲ್ಲಿ ಹರಕೆ ಹೊತ್ತ ಹೆಂಗಸು, ಹರಕೆ ಫಲಿಸಿದ ದಿನ ಹರಿದ ಹಳೆ ಬಟ್ಟೆ ತೊಟ್ಟು ಹಾಡುತ್ತಾ ಕುಣಿಯುತ್ತಾ ಊರು ಸುತ್ತುತ್ತಾಳೆ. ವಾದ್ಯದವರು ಅವಳ ಹಿಂದೆ ನಡೆಯುತ್ತಾರೆ. ಹರಕೆಯ ಬೆಲೆ ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಜೆಂಬೆ ಒಂಟಿ ವಾದ್ಯವೂ ಅಲ್ಲ. ಅದರ ಜತೆಗೆ ಕೋಲಿನಿಂದ ಬಾರಿಸುವ 'ದುನುನ್' ಎಂಬ ಡೋಲುಗಳಿವೆ. ಹಮನದಲ್ಲಿ ಇವು ಮೂರು: ಚಿಕ್ಕದು ಕೆಂಕೆನಿ, ನಡುವಿನದು ಸಂಗ್ಬಾನ್, ದೊಡ್ಡದು ದುನುನ್‌ಬಾ. ಇವುಗಳ ಮೇಲೆ ಕಟ್ಟಿದ ಕಬ್ಬಿಣದ ಗಂಟೆಯನ್ನು ಇನ್ನೊಂದು ಕೈ ಬಡಿಯುತ್ತದೆ. ತಾಳದ ರಾಗವೆಲ್ಲ ಈ ಮೂರರಲ್ಲೇ ಇರುತ್ತದೆ. ಒಂದು ಜೆಂಬೆ ಬಿಡದೆ ಒಂದೇ ನಡೆಯನ್ನು ಹಿಡಿದಿರುತ್ತದೆ. ಮುಖ್ಯ ಜೆಂಬೆಯವನು ಮಾತ್ರ ಸ್ವತಂತ್ರ. ಆದರೆ ಅವನು ಕೂಡ ತನ್ನ ಇಷ್ಟಕ್ಕೆ ಬಾರಿಸುವುದಿಲ್ಲ. ಕುಣಿಯುವವರ ಕಾಲನ್ನು ನೋಡುತ್ತಾ ಅದಕ್ಕೆ ತಕ್ಕ ಪೆಟ್ಟು ಹಾಕುತ್ತಾನೆ. ಪಾತ್ರಧಾರಿಯ ಹೆಜ್ಜೆಯ ಮೇಲೆ ಕಣ್ಣಿಟ್ಟ ನಮ್ಮ ಮದ್ದಳೆಗಾರರ ನೆನಪಾಗುತ್ತದೆ.

ಇಂತಹ ಮುಖ್ಯ ವಾದಕನಿಗೆ 'ಜೆಂಬೆಫೋಲಾ' ಎಂದು ಹೆಸರು. 'ಫೋ' ಎಂದರೆ ಹೇಳು, ನುಡಿ. ಜೆಂಬೆಫೋಲಾ ಎಂದರೆ ಜೆಂಬೆಯನ್ನು ಮಾತಾಡಿಸುವವನು. ಇದನ್ನು ಓದಿದಾಗ ನಮ್ಮ ಭಾಷೆಯ ಮೇಲೆ ನನಗೆ ಹೊಸ ಅಭಿಮಾನ ಮೂಡಿತು. ನಾವೂ ವೀಣೆಯನ್ನು 'ನುಡಿಸು'ತ್ತೇವೆ, ಮದ್ದಳೆಯನ್ನು 'ನುಡಿಸು'ತ್ತೇವೆ. ಮಲಯಾಳದ ನೆರೆಯವರು ಮೃದಂಗವನ್ನು 'ವಾಯಿಕ್ಕು'ತ್ತಾರೆ, ಅಂದರೆ ಓದುತ್ತಾರೆ. ಒಬ್ಬರಿಗೆ ವಾದ್ಯ ಆಡುವ ಬಾಯಿ, ಇನ್ನೊಬ್ಬರಿಗೆ ತೆರೆದ ಪುಸ್ತಕ. ನೈಜರ್ ದಂಡೆಯವರು ನಮ್ಮ ಪಕ್ಷ!

ರಂಗಕ್ಕೆ

ಜೆಂಬೆಯನ್ನು ಅಂಗಳದಿಂದ ರಂಗಕ್ಕೆ ತಂದವರಲ್ಲಿ ಮೊದಲು ಹೇಳಬೇಕಾದ ಹೆಸರು ಫೊದೇಬಾ ಕೇಯಿಟಾ. ಮಾಲಿಂಕೆ ಸೀಮೆಯ ಸಿಗಿರಿಯಲ್ಲಿ 1921ರಲ್ಲಿ ಹುಟ್ಟಿದ ಇವರು ಉಪಾಧ್ಯಾಯರಾಗಿದ್ದು, ಬಳಿಕ ಪ್ಯಾರಿಸಿಗೆ ಹೋದವರು, ಕವಿ. 1950ರ ದಶಕದ ಆರಂಭದಲ್ಲಿ ಅಲ್ಲಿ 'ಲೆ ಬಾಲೆ ಆಫ್ರಿಕೇ' ಎಂಬ ನೃತ್ಯ ತಂಡ ಕಟ್ಟಿ ಯುರೋಪಿನ ರಂಗಮಂದಿರಗಳಲ್ಲಿ ತಮ್ಮ ಊರಿನ ಕುಣಿತಗಳನ್ನು ತೋರಿಸಿದರು. 1959ರಲ್ಲಿ ತಂಡ ನ್ಯೂಯಾರ್ಕನ್ನು ಮುಟ್ಟಿತು.

ಅಷ್ಟರಲ್ಲಿ ಗಿನಿ ದೇಶ 1958ರ ಸೆಪ್ಟೆಂಬರ್ 28ರ ಜನಮತಗಣನೆಯಲ್ಲಿ ಫ್ರಾನ್ಸಿನ ಅಧ್ಯಕ್ಷತೆಯ ಒಕ್ಕೂಟಕ್ಕೆ 'ಬೇಡ' ಎಂದಿತು. ಫ್ರೆಂಚ್ ವಸಾಹತುಗಳಲ್ಲಿ ಹಾಗೆ ಹೇಳಿದ್ದು ಅದೊಂದೇ. ಅಕ್ಟೋಬರ್ 2ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ಮುಂದಾಳು ಅಹ್ಮದ್ ಸೇಕು ತೂರೆ. ಹೊಸ ದೇಶಕ್ಕೆ ಹಣವಿರಲಿಲ್ಲ, ಆದರೆ ಡೋಲುಗಳಿದ್ದವು. ಫೊದೇಬಾ ಅವರ ತಂಡ ರಾಷ್ಟ್ರೀಯ ತಂಡವಾಯಿತು. 1960ರ ದಶಕದಲ್ಲಿ, ಮಾಲಿಂಕೆಯರು ನೈಜರ್ ನದಿಯನ್ನು ಕರೆಯುವ ಹೆಸರಿನಲ್ಲೇ 'ಜೊಲಿಬಾ' ಎಂಬ ಇನ್ನೊಂದು ತಂಡ ಹುಟ್ಟಿತು. ಹಳ್ಳಿ ಹಳ್ಳಿಗಳಿಂದ ಒಳ್ಳೆಯ ಕೈಗಳನ್ನು ಆರಿಸಿ ತಂದರು. ಸಂಗ್ಬರಲ್ಲ ಎಂಬ ಹಳ್ಳಿಯಲ್ಲಿ 1940ರಲ್ಲಿ ಹುಟ್ಟಿದ ಫಮುದು ಕೊನಾತೆ ಮೊದಲ ತಂಡದ ಮುಖ್ಯ ವಾದಕರಾಗಿ 25 ವರ್ಷ ದುಡಿದರು. ವಾಸುಲು ಸೀಮೆಯ ಬಲಂದುಗು ಹಳ್ಳಿಯ ಮಮಾದಿ ಕೇಯಿಟಾ 1964ರಲ್ಲಿ ಜೊಲಿಬಾ ತಂಡಕ್ಕೆ ಸೇರಿದಾಗ ಅವರಿಗೆ 14 ವರ್ಷ.

ರಂಗಕ್ಕೆ ಬಂದ ಜೆಂಬೆ ಬದಲಾಯಿತು. ಹಳ್ಳಿಯಲ್ಲಿ ಒಂದು ತಾಳ ಗಂಟೆಗಟ್ಟಲೆ ನಡೆಯುತ್ತಿತ್ತು. ಇಲ್ಲಿ ಕೆಲವು ನಿಮಿಷಗಳಲ್ಲಿ ಮುಗಿಯಬೇಕು. ಹಳ್ಳಿಯಲ್ಲಿ ಒಂದೆರಡು ಜೆಂಬೆ. ಇಲ್ಲಿ ಸಾಲು ಸಾಲು. ಬೇರೆ ಬೇರೆ ಸೀಮೆಗಳ, ಬೇರೆ ಬೇರೆ ಸಂದರ್ಭಗಳ ತಾಳಗಳು ಒಂದೇ ಸಂಜೆಯಲ್ಲಿ ಪೋಣಿಸಲ್ಪಟ್ಟವು. ಸುತ್ತ ನಿಂತು ತಾನೂ ಕುಣಿಯುತ್ತಿದ್ದ ಜನ ಈಗ ಟಿಕೇಟು ಪಡೆದು ಕುರ್ಚಿಯಲ್ಲಿ ಕೂತು ನೋಡಿದರು. ಪಳಗಿದ ಕೈಗಳು ಮತ್ತಷ್ಟು ಪಳಗಿದವು, ವೇಗ ಹೆಚ್ಚಿತು, ಲೋಕವೇ ಬೆರಗಾಯಿತು. ಇದೆಲ್ಲ ಲಾಭವೇ.

ನಷ್ಟದ ಪುಟವೂ ಇದೆ. ಮುಖವಾಡದ ಕುಣಿತಗಳನ್ನು ವಿದೇಶದ ರಂಗದಲ್ಲಿ ಹೆಮ್ಮೆಯಿಂದ ಮೆರೆಸಿದ ಅದೇ ಸರಕಾರ ಅರಣ್ಯ ಸೀಮೆಯ ಹಳ್ಳಿಗಳಲ್ಲಿ ಮುಖವಾಡ, ದೀಕ್ಷಾವಿಧಿಗಳನ್ನು ಮೂಢನಂಬಿಕೆಯೆಂದು ಬಲವಂತದಿಂದ ನಿಲ್ಲಿಸಿತು. ರಂಗದ ಮೇಲೆ ಸಂಸ್ಕೃತಿ, ಅಂಗಳದಲ್ಲಿ ಅಪರಾಧ! ಇನ್ನು ಫೊದೇಬಾ ಕೇಯಿಟಾ. ಅವರು ಸೇಕು ತೂರೆಯ ಸರಕಾರದಲ್ಲಿ ಗೃಹ ಮತ್ತು ರಕ್ಷಣಾ ಖಾತೆಯ ಮಂತ್ರಿಯಾಗಿದ್ದರು. 1969ರಲ್ಲಿ ಪಿತೂರಿಯ ಆರೋಪದ ಮೇಲೆ ಬಂಧಿತರಾಗಿ, ಕೊನಾಕ್ರಿಯ ಕುಖ್ಯಾತ ಬೊಯ್ರೊ ಸೆರೆಯಲ್ಲಿ ಅದೇ ವರ್ಷ ಕೊಲ್ಲಲ್ಪಟ್ಟರು. ದೇಶದ ಡೋಲನ್ನು ಜಗತ್ತಿಗೆ ಕೇಳಿಸಿದ ಮನುಷ್ಯನ ಕೊನೆಯ ಮಾತನ್ನು ಕೇಳುವವರಿರಲಿಲ್ಲ.

ಪರದೇಶದ ಶಿಷ್ಯರು

ಫೊದೇಬಾ ತಂಡದ ಜತೆ ಅಮೆರಿಕಕ್ಕೆ ಬಂದ ಲಾಜಿ ಕಮಾರಾ 1960ರ ದಶಕದಲ್ಲಿ ಅಲ್ಲಿಯೇ ಉಳಿದು ಪಾಠ ಹೇಳತೊಡಗಿದರು. ಅಲ್ಲಿನ ಕರಿಯ ಜನ ತಮ್ಮ ಪೂರ್ವಜರಿಂದ ಕಿತ್ತುಕೊಂಡದ್ದನ್ನು ಮರಳಿ ಪಡೆಯುವವರಂತೆ ಕಲಿತರು. ಅದೇ ಕಾಲದಲ್ಲಿ ನೈಜೀರಿಯದ ಬಾಬಾತುಂಡೆ ಒಲಾತುಂಜಿ ಅವರ 'ಡ್ರಮ್ಸ್ ಆಫ್ ಪ್ಯಾಶನ್' ಧ್ವನಿಮುದ್ರಿಕೆ 1960ರಲ್ಲಿ ಹೊರಬಂದು ಆಫ್ರಿಕದ ಡೋಲಿನ ಸದ್ದನ್ನು ಅಮೆರಿಕದ ಮನೆಮನೆಗೆ ತಲುಪಿಸಿತು. ಹೊಸಬರಿಗೆ ಕಲಿಸಲು ಒಲಾತುಂಜಿ ಬಳಸಿದ್ದು ಬಾಯಿಪಾಠ: 'ಗುನ್ ದುನ್' ಎಂದರೆ ನಡುವಿನ ಗುಡುಗು, 'ಗೊ ದೊ' ಎಂದರೆ ಅಂಚಿನ ದುಂಡು ಸ್ವರ, 'ಪ ತ' ಎಂದರೆ ಚುರುಕು ಪೆಟ್ಟು, ಪ್ರತಿ ಜೋಡಿಯಲ್ಲಿ ಒಂದು ಬಲಗೈಗೆ, ಒಂದು ಎಡಗೈಗೆ. ನಮ್ಮ ಗುರುಗಳು ಬಾಯಲ್ಲಿ ಹೇಳಿಸಿದ ಬಳಿಕವೇ ಮದ್ದಳೆ ಮುಟ್ಟಲು ಬಿಡುವುದಿಲ್ಲವೇ, ಹಾಗೆ.

1984ರಲ್ಲಿ ಸೇಕು ತೂರೆ ತೀರಿಕೊಂಡ ಬಳಿಕ ಸರಕಾರದ ಆಸರೆ ಕುಸಿದು ಕಲಾವಿದರು ಒಬ್ಬೊಬ್ಬರಾಗಿ ಹೊರನಡೆದರು. ಫಮುದು ಕೊನಾತೆ ಜರ್ಮನಿಯಲ್ಲಿ ಪಾಠ ಹೇಳಿದರು. ಮಮಾದಿ ಕೇಯಿಟಾ ಅಬಿಜಾನಿನ ಮೂಲಕ 1988ರಲ್ಲಿ ಬ್ರಸೆಲ್ಸಿಗೆ ಹೋಗಿ, 1991ರಲ್ಲಿ 'ಟಮ್ ಟಮ್ ಮಾಂಡಿಂಗ್' ಎಂಬ ಶಾಲೆ ತೆರೆದರು. ಅದೇ ವರ್ಷ ಅವರ ಕುರಿತು 'ಜೆಂಬೆಫೋಲಾ' ಎಂಬ ಚಿತ್ರ ಬಂತು. ಎರಡು ದಶಕಕ್ಕೂ ಮಿಕ್ಕಿದ ಕಾಲದ ನಂತರ ಅವರು ತಮ್ಮ ಹಳ್ಳಿಗೆ ಮರಳುವುದೇ ಅದರ ಮುಖ್ಯ ಸಂಗತಿ. ದೇಶ ದೇಶಗಳಲ್ಲಿ ಶಿಷ್ಯರನ್ನು ಬಿಟ್ಟು ಅವರು 2021ರ ಜೂನಿನಲ್ಲಿ ತೀರಿಕೊಂಡರು.

ಈಗ ಜೆಂಬೆಯನ್ನು ಕೆತ್ತುವುದು ಕೂಡ ಕಮ್ಮಾರ ಕುಲವೊಂದೇ ಅಲ್ಲ. ಇಂಡೊನೇಷ್ಯದ ಬ್ಲಿಟಾರ್ ಪಟ್ಟಣದಲ್ಲಿ ಕಡಚಲು ಯಂತ್ರದಲ್ಲಿ ತಿರುಗಿಸಿ ತಯಾರಿಸಿದ ಜೆಂಬೆಗಳು ಹೊರದೇಶಗಳಿಗೆ ಹೋಗುತ್ತವೆ. ನನ್ನ ಮಗಳ ವಾದ್ಯವೂ ಕೈಯಲ್ಲಿ ಕೆತ್ತಿದ್ದಲ್ಲ. ಒಳಮೈ ಮುಟ್ಟಿದರೆ ಬಾಚಿಯ ಗುರುತೇ ಇಲ್ಲ, ಬಟ್ಟಲಿನಷ್ಟು ನುಣುಪು.

ಕಲಿಯಹೊರಟವನ ಪಾಡು

ಇಷ್ಟು ಓದಿದ ಮೇಲೆ ಕೈ ಸುಮ್ಮನಿರಲಿಲ್ಲ. ಒಂದು ಭಾನುವಾರ ವಾದ್ಯವನ್ನು ಜಗಲಿಯ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ನಡುವಿಗೆ ಬಲವಾಗಿ ಬಡಿದೆ. ಒದ್ದೆ ಗೋಣಿಗೆ ಹೊಡೆದಂತಹ ಸದ್ದು. ಇನ್ನೂ ಬಲವಾಗಿ ಬಡಿದೆ. ಅಂಗೈ ಕೆಂಪಾಯಿತೇ ಹೊರತು ಬೇರೇನೂ ಆಗಲಿಲ್ಲ. ಒಳಗಿನಿಂದ ಬಂದ ಮಗಳು ನಕ್ಕು, "ಅಪ್ಪ, ಬಾಯಿ ಮುಚ್ಚಿ ಹಿಡಿದರೆ ಅದು ಮಾತಾಡುವುದು ಹೇಗೆ?" ಎಂದು ವಾದ್ಯವನ್ನು ಮುಂದಕ್ಕೆ ವಾಲಿಸಿ ಮೊಣಕಾಲುಗಳ ನಡುವೆ ಇರಿಸಿಕೊಟ್ಟಳು. ಕೆಳಗಿನ ತೂತು ನೆಲದಿಂದ ಬಿಡುಗಡೆಯಾಯಿತು. ಈ ಸಲ ಮೆಲ್ಲಗೆ ತಟ್ಟಿದರೂ ಎದೆಯೊಳಗೆ ಗುಂಯ್ ಎಂದಿತು. ಬಟ್ಟಲಿನೊಳಗಿನ ಗಾಳಿಯೂ ಕೊಳವೆಯ ಗಾಳಿಯೂ ಕೂಡಿ ಕಂಪಿಸಿದರೇ ಆ ಗುಡುಗು ಹುಟ್ಟುವುದಂತೆ.

ಮೂಲ ಪೆಟ್ಟುಗಳು ಮೂರೇ. ಇಡೀ ಅಂಗೈಯನ್ನು ತೊಗಲಿನ ನಡುವಿಗೆ ಬಿಟ್ಟು ಕೂಡಲೇ ಎತ್ತಿದರೆ ಗುಡುಗು. ಬೆರಳುಗಳನ್ನು ಜೋಡಿಸಿ, ಅಂಗೈಯ ಮೇಲಂಚು ವಾದ್ಯದ ಅಂಚಿಗೆ ತಾಗುವಂತೆ ಬೆರಳನ್ನು ಚಪ್ಪಟೆಯಾಗಿ ಇಳಿಸಿದರೆ ದುಂಡು ಸ್ವರ. ಅದೇ ಜಾಗದಲ್ಲಿ ಬೆರಳನ್ನು ಸಡಿಲ ಬಿಟ್ಟು ತುದಿಗಳು ಮಾತ್ರ ಸಿಡಿಯುವಂತೆ ಹಾಕಿದರೆ ಚುರುಕು ಪೆಟ್ಟು. ಹೇಳುವುದು ಸುಲಭ. ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಕೇಳಿಸಲು ನನಗೆ ಎರಡು ತಿಂಗಳು ಹಿಡಿಯಿತು. ಕೈಯಲ್ಲಿ ಬಲ ಹೆಚ್ಚಿದಷ್ಟೂ ಸ್ವರ ಸಾಯುತ್ತದೆ. ಕೆಂಡ ಮುಟ್ಟಿದ ಕೈಯಂತೆ ಹಿಂದೆ ಬರಬೇಕು. ಆಟಿ ತಿಂಗಳ ಮಳೆಗೆ ತೊಗಲು ಸಡಿಲವಾಗಿ ಸದ್ದೇ ಕೆಟ್ಟಿತು. ಒಲೆಯ ಬಳಿ ತುಸು ಹೊತ್ತು ಇರಿಸಿದ ಮೇಲೆ ದಾರಿಗೆ ಬಂತು.

ಪೆಟ್ಟು ಬಂದರೂ ತಾಳ ಬರುವುದಿಲ್ಲ. ನಾನು ಬ್ಯಾಂಕಿನವನು, ಎಣಿಸುವುದೇ ಕೆಲಸ. ಒಂದು ಎರಡು ಮೂರು ನಾಲ್ಕು ಎಂದು ಸಮವಾಗಿ ಎಣಿಸಿ ಬಾರಿಸಿದೆ. ಲೆಕ್ಕ ಸರಿಯಿತ್ತು, ಕುಣಿತ ಇರಲಿಲ್ಲ. ಇದರ ಕಾರಣ ಬಳಿಕ ತಿಳಿಯಿತು. ಮಾಲಿಯ ರಾಜಧಾನಿ ಬಮಕೊದ ಜೆಂಬೆ ವಾದನವನ್ನು ದೀರ್ಘಕಾಲ ಅಭ್ಯಸಿಸಿದ ಜರ್ಮನ್ ವಿದ್ವಾಂಸ ರೈನರ್ ಪೋಲಾಕ್, ಅಲ್ಲಿನ ತಾಳಗಳ ಒಳಗಿನ ಮಾತ್ರೆಗಳು ಸಮವಲ್ಲವೆಂದು ಅಳೆದು ತೋರಿಸಿದ್ದಾರೆ. ಒಂದು ತುಸು ಗಿಡ್ಡ, ಒಂದು ತುಸು ಉದ್ದ. ಆ ಅಸಮತೆ ಪ್ರತಿ ಸುತ್ತಿನಲ್ಲೂ ಹಾಗೆಯೇ ಮರಳುತ್ತದೆ. ಅದು ತಪ್ಪಲ್ಲ, ಅದೇ ತಾಳದ ಸ್ವಭಾವ. ಕಾಗದದ ಮೇಲೆ ಬರೆದ ಪಾಠದಲ್ಲಿ ಅದು ಸಿಗುವುದಿಲ್ಲ. ಹುಟ್ಟಿದಂದಿನಿಂದ ಕೇಳಿದ ಕಿವಿಗೆ ಮಾತ್ರ ಎಣಿಸದೆ ಸಿಗುತ್ತದೆ. ಮನೆಯಲ್ಲಿ ಕೇಳುತ್ತಾ ಬೆಳೆದ ಮಾತಿಗೂ ಶಾಲೆಯಲ್ಲಿ ಪುಸ್ತಕದಿಂದ ಕಲಿತ ಮಾತಿಗೂ ಇರುವ ವ್ಯತ್ಯಾಸವೇ ಇದು. ಎರಡು ಭಾಷೆಗಳ ನಡುವೆ ಮಕ್ಕಳನ್ನು ಬೆಳೆಸುವ ನಮಗೆ ಇದು ಚೆನ್ನಾಗಿ ಗೊತ್ತು.

ಉಳಿಸಿದ್ದು ಯಾವುದು?

ಹಾಗಾದರೆ ಜೆಂಬೆಯನ್ನು ಉಳಿಸಿದ್ದು ರಂಗವೋ ಅಂಗಳವೋ? ರಂಗ ಅದಕ್ಕೆ ಕೀರ್ತಿ ತಂದಿತು, ಸಂಬಳ ಕೊಟ್ಟಿತು, ನನ್ನ ಜಗಲಿಯವರೆಗೂ ಮುಟ್ಟಿಸಿತು. ಸರಕಾರದ ಬೆಂಬಲ ತಪ್ಪಿದಾಗ ರಂಗದ ಜೆಂಬೆ ಬಡವಾಯಿತು. ಅಂಗಳದ್ದು ಬಡವಾಗಲಿಲ್ಲ. ಬಮಕೊ ಪಟ್ಟಣದಲ್ಲಿ ಭಾನುವಾರ ಬಂತೆಂದರೆ ಓಣಿ ಓಣಿಗಳಲ್ಲಿ ಮದುವೆ. ರಸ್ತೆಗೇ ಚಪ್ಪರ ಹಾಕಿ, ಹೆಂಗಸರು ವೃತ್ತವಾಗಿ ಕೂತು, ಒಂದೆರಡು ಜೆಂಬೆ, ಒಂದೆರಡು ದುನುನ್ ತರಿಸುತ್ತಾರೆ. ಯಾವ ಸರಕಾರವೂ ಅದಕ್ಕೆ ಅನುದಾನ ಕೊಡುವುದಿಲ್ಲ, ಯಾರೂ ಅದನ್ನು 'ಸಂರಕ್ಷಣೆ' ಎನ್ನುವುದಿಲ್ಲ. ಮದುವೆಗೆ ಜೆಂಬೆ ಬೇಕು, ಅದಕ್ಕೇ ಅದು ಇದೆ.

ನಾವೂ ವರ್ಷಕ್ಕೊಮ್ಮೆ ವೇದಿಕೆ ಕಟ್ಟಿ ಕನ್ನಡದ ಹೆಸರಿನಲ್ಲಿ ಸಭೆ ಸೇರುತ್ತೇವೆ. ಸೇರಬೇಕು. ಆದರೆ ಸಭೆ ಮುಗಿಸಿ ಮನೆಗೆ ಹೋದ ಮೇಲೆ ಮಕ್ಕಳ ಜತೆ ಯಾವ ಮಾತಿನಲ್ಲಿ ಜಗಳವಾಡುತ್ತೇವೆ, ಯಾವ ಮಾತಿನಲ್ಲಿ ಲೆಕ್ಕ ಹೇಳಿಕೊಡುತ್ತೇವೆ, ಮನೆಯ ಮದುವೆಗೆ ಯಾರನ್ನು ಹಾಡಲು ಕರೆಯುತ್ತೇವೆ ಎಂಬಲ್ಲಿ ನಮ್ಮ ಅಂಗಳವಿದೆ.

ನೆರೆಮನೆಯ ಹಿರಿಯರಿಗೆ ಈ ಕತೆಯನ್ನೆಲ್ಲ ಒಂದು ಸಂಜೆ ಹೇಳಿದೆ. ಪೂರ್ತಿ ಕೇಳಿದರು. ಹರಿದ ಬಟ್ಟೆ ತೊಟ್ಟು ಹರಕೆ ತೀರಿಸುವ ಹೆಂಗಸಿನ ಸಂಗತಿಯನ್ನು ಎರಡು ಸಲ ಹೇಳಿಸಿಕೊಂಡರು. ಬಳಿಕ, "ಸರಿ, ಅದು ಅವರ ಕತೆಯಾಯಿತು. ನಿಮ್ಮ ಮಗಳಿಗೆ ಚೆಂಡೆ ಕಲಿಯಲು ಮನಸ್ಸಿದೆಯೋ ಕೇಳಿ. ನನಗೆ ಗೊತ್ತಿರುವ ಒಬ್ಬರಿದ್ದಾರೆ, ಹೆಣ್ಣುಮಕ್ಕಳಿಗೂ ಹೇಳಿಕೊಡುತ್ತಾರೆ" ಎಂದರು.

ಮಗಳನ್ನು ಕೇಳಿದೆ. "ಎರಡೂ ಕಲಿಯುತ್ತೇನೆ" ಎಂದಳು. ಬರುವ ಬೇಸಗೆ ರಜೆಗೆ ಪಾಠ ಸುರುವಾಗಲಿದೆ. ಜೆಂಬೆ ಸದ್ಯ ನನ್ನ ಪಾಲಿಗೆ ಬಂದಿದೆ. ಚುರುಕು ಪೆಟ್ಟು ಇನ್ನೂ ಸರಿಯಾಗಿ ಬರುವುದಿಲ್ಲ.